ಜೇಡ ಆರ್ಕಿಡ್ ಬೇಕಾದರೆ ಮೊದಲು ಬೂಷ್ಟು ಸಾಕಿ

ಒಂದೇ ಒಂದು ಸಪೂರ ಕಡ್ಡಿ. ಬುಡದಲ್ಲಿ ರೋಮ ತುಂಬಿದ ಒಂದೇ ಎಲೆ. ತುದಿಯಲ್ಲಿ ಉದ್ದುದ್ದ ಕಾಲು ಚಾಚಿ ಜೋತುಬಿದ್ದ ಜೇಡದಂಥ ಹೂವು. ಆಸ್ಟ್ರೇಲಿಯಾದ ದಕ್ಷಿಣ ಭಾಗದಲ್ಲಿ, ಅದರಲ್ಲೂ ನೈಋತ್ಯ ಮೂಲೆಯ ಕಾಡುಗಳಲ್ಲಿ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೆಲ ನೋಡಿಕೊಂಡು ನಡೆದರೆ ಇದು ಕಣ್ಣಿಗೆ ಬೀಳುತ್ತದೆ. ಸಸ್ಯಶಾಸ್ತ್ರದ ಹೆಸರು ಕ್ಯಾಲಡೀನಿಯ, ‘ಚೆಂದದ ಗ್ರಂಥಿ’ ಎಂದರ್ಥ. 1810ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಇಟ್ಟ ಹೆಸರು. ಹೂವಿನ ತುಟಿಯಂಥ ಎಸಳಿನ ಮೇಲೆ ಸಾಲಾಗಿ ಕೂತ ಪುಟ್ಟ ಗುಬುಟುಗಳನ್ನು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಪರ್ತ್, ಅಡಿಲೇಡ್, ಮೆಲ್ಬರ್ನ್ ಕಡೆ ಮನೆ ಇದ್ದವರು ಇದನ್ನು ಕುಂಡದಲ್ಲಿ ಬೆಳೆಸಬಹುದು. ಆದರೆ ಆರ್ಕಿಡ್ ಅಂದರೆ ಮರಕ್ಕೆ ಕಟ್ಟುವುದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇದು ಮಣ್ಣಿನದೇ ಗಿಡ.

ಕಾಡಿನಿಂದ ಕೀಳಬೇಡಿ

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಲೈಸೆನ್ಸ್ ಇಲ್ಲದೆ ಕಾಡುಗಿಡ ಕೀಳುವುದು ಅಪರಾಧ. ಕಾನೂನು ಬಿಡಿ, ಕಿತ್ತು ತಂದ ಗಿಡ ಸಾಮಾನ್ಯವಾಗಿ ಉಳಿಯುವುದೂ ಇಲ್ಲ. ಇದಕ್ಕೆ ಹೇಳಿಕೊಳ್ಳುವಂಥ ಬೇರೇ ಇಲ್ಲ. ಎಲೆಯ ಬುಡದಲ್ಲಿ, ಮಣ್ಣಿನೊಳಗೆ, ಕಾಂಡದ ಸುತ್ತ ಒಂದು ಕಾಲರ್‌ನಂಥ ಭಾಗ ಇರುತ್ತದೆ. ಅಲ್ಲಿ ಸೆರೆಂಡಿಪಿಟ ಜಾತಿಯ ಬೂಷ್ಟು ಸೇರಿಕೊಂಡು ಗಿಡಕ್ಕೆ ಊಟ ತಂದುಕೊಡುತ್ತದೆ. ಆ ಬೂಷ್ಟು ಸತ್ತರೆ ಗಿಡವೂ ಸೊರಗುತ್ತದೆ. ಮುಂದೆ ಹೇಳುವ ಕೆಲಸವೆಲ್ಲ ಅದನ್ನು ಉಳಿಸಿಕೊಳ್ಳಲಿಕ್ಕೇ.

ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಡಿಸೆಂಬರ್–ಫೆಬ್ರವರಿಯಲ್ಲಿ, ಮಣ್ಣೊಳಗಿನ ಅದರ ಗೆಡ್ಡೆ ಮಲಗಿರುತ್ತದೆ. ಆಗ ನೆಲದ ಆರ್ಕಿಡ್ ಬೆಳೆಸುವವರಿಂದ ಕೊಳ್ಳಿ. ಹೊಸಬರು ಮೊದಲು ಕ್ಯಾಲಡೀನಿಯ ಲ್ಯಾಟಿಫೋಲಿಯ ಅಥವಾ ಕ್ಯಾಲಡೀನಿಯ ಫ್ಲೇವ ತೆಗೆದುಕೊಳ್ಳುವುದು ಒಳ್ಳೆಯದು. ಇವು ಅಪ್ಪಟ ಜೇಡಗಳಲ್ಲ, ಅದೇ ಕುಲದ ನೆಂಟರು. ಆದರೆ ತಾವಾಗಿಯೇ ಮರಿ ಹಾಕಿ ಹಬ್ಬುತ್ತವೆ. ಜೇಡ ಆರ್ಕಿಡ್‌ಗಳಲ್ಲಿ ಹೆಚ್ಚಿನವಕ್ಕೆ ಆ ಬುದ್ಧಿ ಇಲ್ಲ. ಒಂದು ಗೆಡ್ಡೆ ಸವೆದರೆ ಅದರ ಜಾಗಕ್ಕೆ ಒಂದೇ ಗೆಡ್ಡೆ, ಅಷ್ಟೇ.

ಮಣ್ಣು, ನೀರು

ಅರ್ಧ ಪಾಲು ತೊಳೆದ ದಪ್ಪ ಮರಳು. ಉಳಿದರ್ಧಕ್ಕೆ ಸಡಿಲ ಮಣ್ಣು ಮತ್ತು ಕೊಳೆತ ತರಗೆಲೆ. ಇದೇ ಜಾತಿ ಬೆಳೆದ ಹಳೆಯ ಕುಂಡದ ಮಣ್ಣು ಒಂದು ಹಿಡಿ ಸಿಕ್ಕರೆ ಬಿಡಬೇಡಿ, ಬೂಷ್ಟು ಇರುವುದೇ ಅದರಲ್ಲಿ. ರಂಜಕ ಜಾಸ್ತಿ ಇರುವ ರಸಗೊಬ್ಬರ ಬೇಡವೇ ಬೇಡ. ಆಳವಾದ ಕುಂಡದಲ್ಲಿ ಗೆಡ್ಡೆಯನ್ನು 3ರಿಂದ 5 ಸೆಂಟಿಮೀಟರ್ ಕೆಳಗಿಟ್ಟು ಮುಚ್ಚಿ. ಮೇಲೆ ಸರ್ವೆ ಮರದ ಸೂಜಿಯೆಲೆಯನ್ನು ತುಂಡು ಮಾಡಿ ಹರಡಿ. ಮಳೆ ಹೊಡೆದಾಗ ಮಣ್ಣು ಎಲೆಗೆ ಸಿಡಿಯುವುದಿಲ್ಲ.

ಮಾರ್ಚ್ ಕಳೆದು ಸೆಕೆ ಇಳಿದ ಮೇಲೆ ನೀರು ಶುರು ಮಾಡಿ. ಮಳೆನೀರಾದರೆ ಇನ್ನೂ ಒಳ್ಳೆಯದು. ಮಣ್ಣು ಹಸಿಯಾಗಿರಬೇಕು, ಕೆಸರಾಗಬಾರದು. ಬೆಳಕು, ಗಾಳಿ ಎರಡೂ ಚೆನ್ನಾಗಿರಲಿ. ಬಸವನಹುಳುವಿನ ಮೇಲೆ ಮಾತ್ರ ರಾತ್ರಿಯೂ ಕಣ್ಣಿಡಿ. ಇರುವುದೇ ಒಂದು ಎಲೆ, ಅದು ಹೋದರೆ ಆ ವರ್ಷದ ದುಡಿಮೆಯೇ ಹೋದಂತೆ.

ಹೂವು ಬಾಡಿ ಎಲೆ ಹಳದಿಯಾಗತೊಡಗಿದರೆ ಗಾಬರಿ ಬೇಡ. ಅಷ್ಟರಲ್ಲಿ ಮಣ್ಣೊಳಗೆ ಮುಂದಿನ ವರ್ಷದ ಗೆಡ್ಡೆ ತಯಾರಾಗಿರುತ್ತದೆ. ನೀರು ನಿಧಾನಕ್ಕೆ ಕಡಿಮೆ ಮಾಡಿ, ಕುಂಡವನ್ನು ನೆರಳಿಗೆ ಸರಿಸಿ. ಆಗೊಮ್ಮೆ ಈಗೊಮ್ಮೆ ನೀರು ಚಿಮುಕಿಸಿದರೆ ಸಾಕು. ಖಾಲಿ ಕುಂಡ ಅಂತ ಯಾರಾದರೂ ಸುರಿದುಬಿಟ್ಟಾರು, ಹೆಸರಿನ ಚೀಟಿ ಚುಚ್ಚಿಡಿ.

ಕಡಜದ ಕೆಲಸ ನೀವು ಮಾಡಿ

ಕಾಡಿನಲ್ಲಿ ಎಷ್ಟೋ ಜೇಡ ಆರ್ಕಿಡ್‌ಗಳು ಕಡಜಕ್ಕೆ ಟೋಪಿ ಹಾಕುತ್ತವೆ. ಥಿನ್ನಿಡ್ ಕಡಜಗಳಲ್ಲಿ ಹೆಣ್ಣಿಗೆ ರೆಕ್ಕೆ ಇಲ್ಲ. ಅದು ಹುಲ್ಲಿನ ತುದಿಗೆ ಹತ್ತಿ, ವಾಸನೆ ಬಿಟ್ಟು, ಗಂಡಿಗಾಗಿ ಕಾಯುತ್ತದೆ. ಹೂವು ಅದೇ ವಾಸನೆ ಬಿಡುತ್ತದೆ. ಬಂದ ಗಂಡು ತುಟಿಯನ್ನೇ ಹೆಣ್ಣೆಂದು ತಿಳಿದು ಅಪ್ಪುತ್ತದೆ, ಪರಾಗ ಹೊತ್ತು ಪೆಚ್ಚಾಗಿ ಹೋಗುತ್ತದೆ. ಮಕರಂದದ ಒಂದು ಹನಿಯೂ ಸಿಗುವುದಿಲ್ಲ, ಪಾಪ.

ಕುಂಡದ ಹತ್ತಿರ ಆ ಕಡಜ ಬರುತ್ತದೆಂದು ಕಾಯುವಂತಿಲ್ಲ. ಒಂದು ಟೂತ್‌ಪಿಕ್ ತೆಗೆದುಕೊಳ್ಳಿ. ಹೂವಿನ ನಡುಗಂಬದಲ್ಲಿ ಅಂಟಂಟಾದ ಒಂದು ಗುಳಿ ಇದೆ. ತುದಿಯನ್ನು ಮೊದಲು ಅಲ್ಲಿ ತಾಗಿಸಿ. ಆಮೇಲೆ ಅದರ ಮೇಲಿನ ಪರಾಗಕ್ಕೆ ಮುಟ್ಟಿಸಿದರೆ ಹಳದಿ ಮುದ್ದೆ ಅಂಟಿಕೊಂಡು ಬರುತ್ತದೆ. ಅದನ್ನು ಇನ್ನೊಂದು ಗಿಡದ ಹೂವಿನ ಗುಳಿಗೆ ಒರೆಸಿ. ಒಂದು ಗಿಡಕ್ಕೆ ಒಂದು ಕಾಯಿ ಸಾಕು, ಜಾಸ್ತಿ ಆಸೆಪಟ್ಟರೆ ಗೆಡ್ಡೆ ಬಡವಾಗುತ್ತದೆ.

ಕಾಯಿಗೆ ಖಾಲಿ ಟೀ ಬ್ಯಾಗ್ ಕಟ್ಟಿ. ಬೀಜ ಧೂಳಿನಷ್ಟು ಸಣ್ಣದು, ಕಾಯಿ ಒಡೆದರೆ ಗಾಳಿಪಾಲು. ಅದರೊಳಗೆ ಆಹಾರದ ಬುತ್ತಿ ಇಲ್ಲದ ಕಾರಣ ಮೊಳಕೆ ಒಡೆಯಲಿಕ್ಕೂ ಬೂಷ್ಟೇ ಬೇಕು. ಹಾಗಾಗಿ ಮಳೆ ಶುರುವಾಗುವ ಮುಂಚೆ ತಾಯಿಗಿಡದ ಕುಂಡದಲ್ಲೇ, ಸೂಜಿಯೆಲೆಯ ಮೇಲೆ ಉದುರಿಸಿ ಸಣ್ಣಗೆ ನೀರು ಚಿಮುಕಿಸಿ. ಹೂವು ಕಾಣಲು ಕೆಲವು ವರ್ಷ ಬೇಕು. ಮೊದಲು ಬರುವ ಎಲೆ ಹುಲ್ಲೆಸಳಿನಷ್ಟು ಸಣ್ಣದು. ಕಳೆ ಅಂತ ಕೀಳುವ ಮುಂಚೆ ಬೆರಳಿನಿಂದ ಸವರಿ ನೋಡಿ. ರೋಮ ತಾಕಿದರೆ ಕೈ ತೆಗೆಯಿರಿ.