ಮುಯ್ಯಿ ಇಲ್ಲದ ಪ್ರೀತಿ

ನಮ್ಮ ಅಮ್ಮನ ಟ್ರಂಕಿನಲ್ಲಿ ಬೈಬಲ್ಲಿನ ಪಕ್ಕದಲ್ಲೇ ಒಂದು ಮುಯ್ಯಿ ಪುಸ್ತಕ ಇರುತ್ತಿತ್ತು. ಯಾರ ಮದುವೆಗೆ ಯಾರು ಎಷ್ಟು ಹಾಕಿದರು, ಯಾರು ಸ್ಟೀಲ್ ಬಿಂದಿಗೆ ಕೊಟ್ಟರು, ಯಾರು ಬರಿಗೈಯಲ್ಲಿ ಬಂದು ಉಂಡು ಹೋದರು, ಎಲ್ಲವೂ ಅದರಲ್ಲಿ. ಮುಯ್ಯಿ ಸಾಲವಲ್ಲ, ಆದರೂ ತೀರಿಸದಿದ್ದರೆ ನಾಲ್ಕು ಜನರ ಮುಂದೆ ತಲೆ ಎತ್ತುವಂತಿಲ್ಲ. ಆ ಎರಡು ಪುಸ್ತಕಗಳಲ್ಲಿ ನನ್ನನ್ನು ಬೆಳೆಸಿದ್ದು ಯಾವುದು ಎಂದು ಕೇಳಿದರೆ, ಐವತ್ತೆಂಟು ವಯಸ್ಸಿನವರೆಗೂ ಮುಯ್ಯಿ ಪುಸ್ತಕವೇ ಎಂದು ಒಪ್ಪಿಕೊಳ್ಳಬೇಕು.

ನಾನು ತುಮಕೂರಿನ ಕಡೆಯವಳು. ಸಿ.ಎಸ್.ಐ. (ದಕ್ಷಿಣ ಭಾರತ ಕ್ರೈಸ್ತ ಸಭೆ) ಸಭೆಯಲ್ಲಿ ದೀಕ್ಷಾಸ್ನಾನ ಪಡೆದವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಸಂಡೇ ಸ್ಕೂಲ್ ನಡೆಸಿದ್ದೇನೆ. ಸಂಪಾದನೆಯ ಹತ್ತರಲ್ಲೊಂದು ಪಾಲು ಸಭೆಗೆ ಕೊಡುವ ದಶಮಾಂಶ ತಪ್ಪಿಸಿಲ್ಲ. ಸುಗ್ಗಿ ಹಬ್ಬದ ಹರಾಜಿನಲ್ಲಿ ಬೇಡದ ಕುಂಬಳಕಾಯಿಯನ್ನು ನಾಲ್ಕು ಪಟ್ಟು ಬೆಲೆಗೆ ಕೂಗಿ ಮನೆಗೆ ಹೊತ್ತು ತಂದಿದ್ದೇನೆ. ದೇವರು ಲೋಕವನ್ನು ಎಷ್ಟೋ ಪ್ರೀತಿಸಿದನು ಎನ್ನುವ ಯೋಹಾನ 3:16ನ್ನು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಆದರೆ ಅದರಲ್ಲಿ ‘ಲೋಕ’ ಎಂದಿರುವ ಕಡೆ ನನ್ನ ಹೆಸರು ಹಾಕಿ ಓದಬೇಕಾಗಿ ಬಂದಾಗ ನಾಲಿಗೆ ಏಳುತ್ತಿರಲಿಲ್ಲ. ಭಕ್ತಿಯಿಂದಲ್ಲ, ಮುಜುಗರದಿಂದ. ಕರೆಯದ ಮದುವೆಯಲ್ಲಿ ಊಟಕ್ಕೆ ಕೂತಂತೆ.

ಮುಯ್ಯಿ ಎನ್ನುವ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ: ಸೇಡು. ಉಡುಗೊರೆಗೂ ಸೇಡಿಗೂ ಒಂದೇ ಪದ. ನನ್ನ ದೇವರೂ ಹಾಗೆಯೇ ಇದ್ದ. ಬೆಳಗಿನ ಪ್ರಾರ್ಥನೆ ತಪ್ಪಿದ ದಿನ ಹಾಲು ಉಕ್ಕಿದರೆ, ಬಸ್ ತಪ್ಪಿದರೆ, ಸರಿ, ಲೆಕ್ಕ ಚುಕ್ತಾ ಎಂದುಕೊಳ್ಳುತ್ತಿದ್ದೆ. ಮಗನಿಗೆ ಕೆಲಸ ಸಿಕ್ಕಿದ ದಿನ ಖುಷಿಗಿಂತ ಮೊದಲು ಬಂದದ್ದು ಭಯ: ಇದಕ್ಕೆ ಏನು ಕೊಡಬೇಕಾಗುತ್ತದೋ?

ಇದು ಸರಿಯಲ್ಲ ಎಂದು ಗೊತ್ತಾದ ಮೇಲೂ ಮಾಡಿದ ಮೊದಲ ಪ್ರಯತ್ನಗಳೆಲ್ಲ ವ್ಯರ್ಥವಾದವು. ಕನ್ನಡಿಯ ಮುಂದೆ ನಿಂತು ‘ದೇವರು ನನ್ನನ್ನು ಪ್ರೀತಿಸುತ್ತಾನೆ’ ಎಂದು ದಿನಕ್ಕೆ ಹತ್ತು ಸಲ ಹೇಳಲು ಯಾರೋ ಸಲಹೆ ಕೊಟ್ಟರು. ಮೂರನೆಯ ದಿನ ತಲೆಗೆ ಬಣ್ಣ ಹಚ್ಚಬೇಕೆಂಬುದು ನೆನಪಾಯಿತು, ಅಷ್ಟೇ. ಉಜ್ಜೀವನ ಕೂಟಗಳಲ್ಲಿ ಅತ್ತೆ. ಸೋಮವಾರ ಬೆಳಗ್ಗೆ ಪುಸ್ತಕ ಮತ್ತೆ ತೆರೆದುಕೊಂಡಿತು.

ಸ್ವಲ್ಪ ಬಿರುಕು ಬಿಟ್ಟದ್ದು ಲೂಕ 15ನೆಯ ಅಧ್ಯಾಯವನ್ನು ಹಿರಿಯ ಮಗನ ಜಾಗದಲ್ಲಿ ಕೂತು ಓದಿದಾಗ. ಯೇಸು ಹೇಳಿದ ಆ ಕಥೆಯಲ್ಲಿ ಕಿರಿಯ ಮಗ ತನ್ನ ಪಾಲಿನ ಆಸ್ತಿ ಹಾಳುಮಾಡಿ ಮರಳಿದಾಗ ತಂದೆ ಹಬ್ಬದೂಟ ಮಾಡಿಸುತ್ತಾನೆ. ಮನೆ ಬಿಟ್ಟು ಹೋದ ಅವನ ಕಥೆ ನನ್ನದಲ್ಲ, ನಾನು ಎಲ್ಲಿಗೂ ಹೋದವಳಲ್ಲ. ಹಿರಿಯವನು ಹೊಲದಿಂದ ಬಂದು ಬಾಗಿಲಲ್ಲೇ ನಿಲ್ಲುತ್ತಾನೆ. ಇಷ್ಟು ವರ್ಷ ನಿನಗೆ ದುಡಿದೆ, ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎನ್ನುತ್ತಾನೆ. ಗ್ರೀಕಿನಲ್ಲಿ ಆ ‘ದುಡಿದೆ’ ಎನ್ನುವುದು ಗುಲಾಮ ದುಡಿಯುವ ದುಡಿತ. ಅದಕ್ಕೆ ತಂದೆ ಕರೆಯುವ ಪದ ‘ಟೆಕ್ನೊನ್’, ನಮ್ಮ ಮಾತಿನಲ್ಲಿ ‘ಕಂದಾ’. ಆಳಿನ ಲೆಕ್ಕ ಒಪ್ಪಿಸಲು ಬಂದವನನ್ನು ಕಂದಾ ಎಂದು ಕರೆದುಬಿಟ್ಟರೆ ಅವನು ಲೆಕ್ಕವನ್ನು ಎಲ್ಲಿ ಇಟ್ಟುಕೊಳ್ಳಬೇಕು?

ನಮ್ಮ ಸೀಮೆಯ ಸಭೆಗಳ ಬೇರು ವೆಸ್ಲಿಯನ್ ಮಿಷನ್ನಿನದು. ಆ ಪಂಥಕ್ಕೆ ಮೂಲನಾದ ಜಾನ್ ವೆಸ್ಲಿಯೂ ಕಥೆಯ ಆ ಹಿರಿಯ ಮಗನಂಥವನೇ. 1728ರಲ್ಲಿ ಪಾದ್ರಿಯಾಗಿ, ಅಮೆರಿಕದ ಜಾರ್ಜಿಯಾದವರೆಗೆ ಸೇವೆಗೆ ಹೋಗಿ ಸೋತು ಬಂದು, 1738ರ ಮೇ 24ರ ರಾತ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ತನ್ನ ಎದೆ ಬೆಚ್ಚಗಾಯಿತೆಂದು ಬರೆದುಕೊಂಡವನು. ಆಳಿನ ನಂಬಿಕೆ ಬೇರೆ, ಮಗನ ನಂಬಿಕೆ ಬೇರೆ ಎಂದು ಆಮೇಲೆ ಬಿಡಿಸಿ ಹೇಳಿದ. ನನ್ನ ಎದೆ ಯಾವ ರಾತ್ರಿಯೂ ಹಾಗೆ ಬೆಚ್ಚಗಾಗಲಿಲ್ಲ ಎಂದು ಬಹಳ ದಿನ ಕೊರಗಿದೆ. ಈಗ ಕೊರಗುವುದಿಲ್ಲ. ನನ್ನ ಪಾಲಿಗೆ ಬಂದದ್ದು ಮುರಿದ ಕಾಲು.

ಮಳೆಗಾಲದಲ್ಲಿ ಹಿತ್ತಿಲ ಮೆಟ್ಟಿಲಿನ ಪಾಚಿಯ ಮೇಲೆ ಜಾರಿದೆ. ಆರು ವಾರ ಪ್ಲಾಸ್ಟರ್. ಸಂಡೇ ಸ್ಕೂಲ್ ಇಲ್ಲ, ಮನೆಮನೆ ಭೇಟಿ ಇಲ್ಲ, ಮುಖ ತೊಳೆಯಲು ನೀರನ್ನೂ ಸೊಸೆಯೇ ತಂದುಕೊಡಬೇಕು. ಅಕ್ಕಪಕ್ಕದವರಿಂದ ಅಡುಗೆ ಬರತೊಡಗಿತು: ಉಪ್ಪಿಟ್ಟು, ಸೊಪ್ಪಿನ ಹುಳಿ, ಎದುರು ಮನೆಯಿಂದ ರಂಜಾನ್ ಮುಗಿದ ದಿನ ಶೀರ್‌ಕುರ್ಮಾ. ಅಡುಗೆಮನೆಯ ಕಟ್ಟೆಯ ಮೇಲೆ ಪಾತ್ರೆ, ಡಬ್ಬಿ ಸೇರಿ ಹನ್ನೊಂದಾದವು. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂದು ಅಮ್ಮ ಕಲಿಸಿದ್ದಳು; ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ನನಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಕಾಲಿನ ನೋವಿಗಿಂತ ಆ ಹನ್ನೊಂದು ಪಾತ್ರೆಗಳು ಹೆಚ್ಚು ನೋಯುತ್ತಿದ್ದವು ಎಂದರೆ ನಗಬೇಡಿ.

ಪಾತ್ರೆಗಳ ಮೇಲೆ ಹೆಸರು ಕೊರೆಸಿರುತ್ತಾರಲ್ಲ, ಅಂಗಡಿಯ ಪುಟ್ಟ ಯಂತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ. ಸೊಸೆ ಅವನ್ನು ತೊಳೆದು ಬೋರಲು ಹಾಕುತ್ತ ಒಂದೊಂದೇ ಹೆಸರು ಓದುತ್ತಿದ್ದಳು. ಮಲಗಿದ್ದಲ್ಲಿಂದ ಕೇಳುತ್ತಿದ್ದ ನನಗೆ ಯೆಶಾಯ 49 ನೆನಪಾಯಿತು: ನಿನ್ನನ್ನು ನನ್ನ ಅಂಗೈಗಳಲ್ಲಿ ಕೆತ್ತಿಕೊಂಡಿದ್ದೇನೆ ಎಂಬ ಮಾತು. ಹೆಸರು ಕೊರೆಸುವುದು ಪಾತ್ರೆ ಏನನ್ನೋ ದುಡಿದು ತಂದಿದೆ ಎಂದಲ್ಲ. ನಮ್ಮದು, ಕಳೆದುಹೋಗಬಾರದು ಎಂದು.

ಆ ವಾರವೇ ಸಭೆಯ ಪಾದ್ರಿ ಅಯ್ಯನವರು ಮನೆಗೆ ಬಂದು ಕರ್ತನ ರಾತ್ರಿಭೋಜನ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ, ಕೊಟ್ಟರು. ಗುಡಿಯಲ್ಲಿ ಮೊಣಕಾಲೂರಿದರೆ ಸಾಲಿನ ಗಡಿಬಿಡಿಯಲ್ಲಿ ಕೈ ತಾನಾಗಿ ಮುಂದೆ ಹೋಗುತ್ತದೆ. ಮಂಚದ ಮೇಲೆ ಹಾಗಿಲ್ಲ. ಎಡ ಅಂಗೈ ಮೇಲೆ ಬಲ ಅಂಗೈ ಇಟ್ಟು ಕಾದೆ. ಅವರು ಕನ್ನಡಕ ಹುಡುಕಿದರು, ಪುಸ್ತಕದ ಪುಟ ಹುಡುಕಿದರು. ಅಷ್ಟು ಹೊತ್ತೂ ನನ್ನ ಕೈ ಖಾಲಿ. ಇಡೀ ಆರಾಧನೆಯಲ್ಲಿ ನಾನು ಮಾಡಬೇಕಾದ ಕೆಲಸ ಅದೊಂದೇ, ಕೈ ಖಾಲಿ ಇಟ್ಟುಕೊಳ್ಳುವುದು. ನಲವತ್ತು ವರ್ಷದಿಂದ ಅದನ್ನು ಮಾಡುತ್ತಲೇ ಬಂದಿದ್ದೆ, ಗಮನಿಸಿರಲಿಲ್ಲ.

ಮುಂದಿನ ಅಭ್ಯಾಸ ಹುಟ್ಟಿದ್ದು ಅಲ್ಲಿಂದಲೇ. ಬೆಳಗಿನ ಪ್ರಾರ್ಥನೆಯ ಮೊದಲ ಹತ್ತು ನಿಮಿಷ ಅಂಗೈ ಬಿಚ್ಚಿ ಕೂರುತ್ತೇನೆ. ಬೇಡಿಕೆ ಇಲ್ಲ, ಹರಕೆ ಇಲ್ಲ, ಪಾಪನಿವೇದನೆ ಕೂಡ ಇಲ್ಲ. ಅದಕ್ಕೆ ಆಮೇಲೆ ಹೊತ್ತಿದೆ. ನನ್ನಂಥವಳಿಗೆ ನಿವೇದನೆಯೂ ಒಂದು ಬಗೆಯ ಕಂತು ಕಟ್ಟುವಿಕೆಯೇ. ಮೊದಲ ವಾರ ಹತ್ತು ನಿಮಿಷ ಒಂದು ಪಿರಿಯಡ್ಡಿನಷ್ಟು ಉದ್ದವಾಗಿತ್ತು. ಮನಸ್ಸು ತಪ್ಪದೆ ಏನಾದರೂ ಕೊಡಲು ಓಡುತ್ತಿತ್ತು: ಈ ಸಲ ಕ್ರಿಸ್‌ಮಸ್ಸಿಗೆ ಮಕ್ಕಳಿಗೆ ಇಷ್ಟು ಮಾಡಿಸುತ್ತೇನೆ, ಗುಡಿಗೆ ಫ್ಯಾನ್ ಕೊಡಿಸುತ್ತೇನೆ. ಹಾಗಾದಾಗ ರೋಮಾಪುರದವರಿಗೆ ಬರೆದ ಪತ್ರದ 11:35ಕ್ಕೆ ಮರಳುತ್ತೇನೆ. ಆತನಿಗೆ ಮೊದಲು ಕೊಟ್ಟು ಆಮೇಲೆ ವಾಪಸು ಪಡೆಯುವವರು ಯಾರಿದ್ದಾರೆ ಎಂದು ಪೌಲನು ಕೇಳುತ್ತಾನೆ. ಮುಯ್ಯಿ ಪುಸ್ತಕದ ಮೊದಲ ಸಾಲಿನಲ್ಲೇ ನನ್ನ ಹೆಸರಿಗೆ ಜಾಗವಿಲ್ಲ.

ಕಷ್ಟದ ದಿನಗಳಲ್ಲಿ ಇದು ಸುಲಭ. ಚೆನ್ನಾಗಿ ನಡೆದುಕೊಂಡ ದಿನಗಳಲ್ಲೇ ಜಾರುವುದು. ಹಿತ್ತಿಲ ಪಾಚಿಗಿಂತ ಅದು ನುಣುಪು.

ಪ್ಲಾಸ್ಟರ್ ಬಿಚ್ಚುವ ಹಿಂದಿನ ದಿನ ಎದುರು ಮನೆಯಾಕೆ ತನ್ನ ಡಬ್ಬಿ ಕೇಳಿಕೊಂಡು ಬಂದಳು. ಸಕ್ಕರೆ ಡಬ್ಬಿ ಕುರ್ಚಿಯ ಪಕ್ಕದಲ್ಲೇ, ಕೈಗೆಟಕುವಂತೆ ಇತ್ತು. ಕೈ ಹೋಗಿ ಅದರ ಮುಚ್ಚಳದ ಮೇಲೆ ಕೂತೂಬಿಟ್ಟಿತ್ತು. ಹಿಂದಕ್ಕೆ ಎಳೆದುಕೊಂಡೆ. “ಖಾಲಿಯೇ ಕೊಡುತ್ತಿದ್ದೇನಮ್ಮಾ” ಎಂದೆ.

ಅವಳು ಡಬ್ಬಿಯನ್ನು ಸೆರಗಿನಿಂದ ಒಂದು ಸುತ್ತು ಒರೆಸಿದಳು. “ಒಳ್ಳೆಯದಾಯಿತು ಟೀಚರ್, ನಾಳೆ ಇದರಲ್ಲೇ ಸಾರು ತರುತ್ತೇನೆ.”