ಎಫ್40, ಜಿಟಿ-ಆರ್: ಎರಡನ್ನೂ ಸಿಮ್ಯುಲೇಟರ್‌ನಲ್ಲಿ ಓಡಿಸಿದ ನನ್ನ ಅನುಭವ

ಬರೀ ಅಂಕಿ ನೋಡಿದರೆ ಈ ಎರಡು ಕಾರುಗಳಿಗೂ ವ್ಯತ್ಯಾಸವೇ ಇಲ್ಲ ಅನ್ನಿಸುತ್ತೆ. 1987ರ ಫೆರಾರಿ ಎಫ್40ಗೆ 478 ಹಾರ್ಸ್‌ಪವರ್, 577 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ). ಇಪ್ಪತ್ತು ವರ್ಷದ ನಂತರ 2007ರಲ್ಲಿ ಬಂದ ನಿಸಾನ್ ಜಿಟಿ-ಆರ್‌ಗೆ 480 ಮತ್ತು 588. ಎರಡರಲ್ಲೂ ಜೋಡಿ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಪಂಪುಗಳು. ಇಟಲಿಯ ಎಫ್40ಯಲ್ಲಿ ಇದ್ದದ್ದೂ ಜಪಾನಿನ ಐಎಚ್ಐ ಕಂಪನಿಯ ಟರ್ಬೊಗಳೇ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಇಷ್ಟು ಹತ್ತಿರ ಇದ್ದರೂ ಓಡಿಸುವಾಗ ಯಾಕೆ ಇಷ್ಟು ಬೇರೆ? ಅದನ್ನು ತಿಳಿಯೋಕೆ ದಾವಣಗೆರೆಯ ನಮ್ಮ ಮನೆ ಮಹಡಿ ರೂಮಿನಲ್ಲಿ ಸಿಮ್ಯುಲೇಟರ್ (ಸ್ಟೇರಿಂಗ್, ಪೆಡಲ್ ಇಟ್ಟು ಕಂಪ್ಯೂಟರಿನಲ್ಲಿ ಗಾಡಿ ಓಡಿಸುವ ವ್ಯವಸ್ಥೆ) ಹಾಕಿಕೊಂಡು ಎರಡನ್ನೂ ಓಡಿಸಿದೆ. ನಿಜವಾದ ಗಾಡಿಯಲ್ಲಿ ಕೂತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಫ್40ಗೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು) ಇಲ್ಲ, ಪವರ್ ಸ್ಟೇರಿಂಗ್ ಇಲ್ಲ, ಬ್ರೇಕಿಗೆ ಕಾಲಿನ ಬಲ ಹೆಚ್ಚಿಸುವ ಬೂಸ್ಟರೂ ಇಲ್ಲ. ಎಲ್ಲಾ ಕಾಲಿನ ಬಲದ ಮೇಲೆಯೇ. ಅದಕ್ಕೇ ಪೆಡಲ್ ಎಷ್ಟು ದೂರ ಹೋಯಿತು ಅಂತಲ್ಲ, ಎಷ್ಟು ಭಾರ ಬಿತ್ತು ಅಂತ ಅಳೆಯುವ ಲೋಡ್ ಸೆಲ್ ಪೆಡಲ್ ತರಿಸಿದೆ. ಅದನ್ನು ಕೂರಿಸೋಕೆ ಪ್ಲೈವುಡ್ ಸಾಲಲ್ಲ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಶಾಪಿನ ಅಣ್ಣನ ಹತ್ತಿರ ಚೌಕ ಪೈಪಿನ ಫ್ರೇಮ್ ಮಾಡಿಸಿದೆ. ಅವರು ಪೆಡಲ್ ಒಂದ್ಸಲ ತುಳಿದು ನೋಡಿ, "ಏನ್ ತಮ್ಮಾ, ಲಾರಿ ಬ್ರೇಕ್ ಇದ್ದಂಗೈತಲ್ಲ" ಅಂದು, ಕೇಳದೆಯೇ ಕೆಳಗೆ ಇನ್ನೊಂದು ಅಡ್ಡಪಟ್ಟಿ ಬೆಸೆದುಕೊಟ್ಟರು. ಈಗ ಎಷ್ಟು ಜೋರಾಗಿ ತುಳಿದರೂ ಫ್ರೇಮ್ ಅಲುಗಾಡಲ್ಲ.

ಟ್ರ್ಯಾಕ್ ಜರ್ಮನಿಯ ನಾರ್ಡ್‌ಶ್ಲೈಫೆ, 20.8 ಕಿ.ಮೀ. ಹವೆ ಒಂದೇ, ಪೆಟ್ರೋಲೂ ಒಂದೇ ಅಳತೆ. ಆದರೆ ಗಾಡಿ ಜಾರದಂತೆ ನೋಡಿಕೊಳ್ಳುವ ಜಿಟಿ-ಆರ್‌ನ ಎಲೆಕ್ಟ್ರಾನಿಕ್ಸ್ ತೆಗೆಯಲಿಲ್ಲ. ಕಂಪನಿ ಹೇಗೆ ಕೊಟ್ಟಿತ್ತೋ ಹಾಗೇ ಓಡಿಸಬೇಕು, ಇಲ್ಲದಿದ್ದರೆ ಅದು ಹೋಲಿಕೆಯೇ ಅಲ್ಲ.

ವ್ಯತ್ಯಾಸ ಚೆನ್ನಾಗಿ ಗೊತ್ತಾಗೋದು ಬೆರ್ಗ್‌ವೆರ್ಕ್ ಅನ್ನೋ ಬಲ ತಿರುವಿನಲ್ಲಿ. ಅಲ್ಲಿಂದ ಮುಂದೆ ಉದ್ದಕ್ಕೂ ಏರು, ತಿರುವಿನಿಂದ ನಿಧಾನವಾಗಿ ಹೊರಬಂದರೆ ಆ ಏರು ಮುಗಿಯುವ ತನಕ ಅದಕ್ಕೆ ಬೆಲೆ ಕಟ್ಟಬೇಕು. ಎಫ್40ಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗಲ್ಲ, ಸೂಜಿ 4,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ದಾಟುತ್ತಿದ್ದ ಹಾಗೆ ಟರ್ಬೊ ತುಂಬಿಕೊಂಡು ಅಷ್ಟೂ ಶಕ್ತಿ ಹಿಂದಿನ ಎರಡೇ ಚಕ್ರಕ್ಕೆ ಒಮ್ಮೆಲೇ ನುಗ್ಗುತ್ತೆ. ಹಾಗಾಗಿ ತಿರುವು ಇನ್ನೂ ಅರ್ಧ ಇರುವಾಗಲೇ ಕಾಲು ಇಡಬೇಕು, ಬೂಸ್ಟ್ ಬರುವ ಹೊತ್ತಿಗೆ ಸ್ಟೇರಿಂಗ್ ನೇರ ಆಗಿರಬೇಕು. ಆ ಲೆಕ್ಕ ಕೂಡಿಬಂದಾಗ ಸಿಗುವ ಖುಷಿ ಬೇರೆ ಯಾವ ಗಾಡಿಯಲ್ಲೂ ನನಗೆ ಸಿಕ್ಕಿಲ್ಲ.

ಜಿಟಿ-ಆರ್‌ನಲ್ಲಿ ಅದೇ ಟಾರ್ಕ್ 3,200ಕ್ಕೇ ಪೂರ್ತಿ ಸಿಗುತ್ತೆ, ನಾಲ್ಕೂ ಚಕ್ರಕ್ಕೆ ಹಂಚಿಹೋಗುತ್ತೆ. ಸುಮ್ನೆ ಒತ್ತಿದರೆ ಸಾಕು, ಎಳೆದುಕೊಂಡು ಹೋಗುತ್ತೆ. ಸಮಯ ಕಡಿಮೆ ಬಂದಿದ್ದು ಇದರಲ್ಲೇ, ಪ್ರತಿ ಸಲವೂ. ಹಾಗಂತ ಇದನ್ನು "ಕಂಪ್ಯೂಟರ್ ಓಡಿಸುತ್ತೆ" ಅನ್ನೋರ ಮಾತು ನಾನು ಒಪ್ಪಲ್ಲ. ಎಫ್40 ಎಣ್ಣೆ ನೀರು ಬಿಟ್ಟು 1,100 ಕಿಲೋ, ಇದು ಎಲ್ಲಾ ತುಂಬಿಕೊಂಡು 1,740. ಬ್ರೇಕ್ ಸ್ವಲ್ಪ ತಡ ಆದರೂ ಆ ತೂಕವೆಲ್ಲ ಮೂತಿಗೆ ಬಂದು ಗಾಡಿ ತಿರುಗೋದೇ ಇಲ್ಲ, ಆಗ ಯಾವ ಕಂಪ್ಯೂಟರೂ ಕೈ ಹಿಡಿಯಲ್ಲ.

ಎರಡನ್ನೂ ಓಡಿಸಿ ನೋಡೋರು ಎಫ್40ಯಿಂದಲೇ ಶುರುಮಾಡಿ. ಟೈರ್ ಬಿಸಿಯಾಗುವ ತನಕ ಅರ್ಧ ಆಕ್ಸಿಲರೇಟರ್ ಸಾಕು. ಬ್ರೇಕನ್ನು ಜೋರಾಗಿ ತುಳಿದು, ಆಮೇಲೆ ನಿಧಾನಕ್ಕೆ ಬಿಡುತ್ತಾ ತಿರುಗಿಸೋ ಅಭ್ಯಾಸ ಕಾಲಿಗೆ ಬರಲಿ, ಜಿಟಿ-ಆರ್‌ನ ಆ ತೂಕ ಹಿಡಿಯೋಕೂ ಬೇಕಾಗೋದು ಅದೇ ಕಾಲು.