ಸಂಜೆಯಾದರೆ ಸುಮ್ಮನಾಗುತ್ತಿದ್ದ ಸೆನ್ಸರ್‌ಗಳು

ಗಂಗಾವತಿಯ ನಮ್ಮ ಭತ್ತದ ಗೋದಾಮಿನಲ್ಲಿ ಚೀಲಗಳ ನಡುವೆ ಬಿಸಿ, ತೇವ ಅಳೆಯುವ ಜಿಗ್‌ಬೀ (ಕಡಿಮೆ ಬ್ಯಾಟರಿಯಲ್ಲಿ ನಡೆಯುವ ವೈರ್‌ಲೆಸ್ ಜಾಲ) ಸೆನ್ಸರ್‌ಗಳಿವೆ. ಹಗಲೆಲ್ಲ ಸರಿ. ಸಂಜೆ ಆಯ್ತೆಂದರೆ ಒಂದೊಂದಾಗಿ ಬಂದ್.

ಬ್ಯಾಟರಿ ಬದಲಿಸಿ ಅಂದರು ಎಲ್ಲರೂ. ಆದರೆ ಸೆನ್ಸರ್‌ಗಳ ಮಾಹಿತಿ ಪಡೆಯುವ ಪೆಟ್ಟಿಗೆಯಾದ ಗೇಟ್‌ವೇಯ ಲಾಗ್ (ದಾಖಲೆ) ನೋಡಿದರೆ ಸಿಗ್ನಲ್ ಜೋರಾಗಿಯೇ ಇದೆ, ಪ್ಯಾಕೆಟ್ (ಅಳತೆ ಹೊತ್ತ ಸಂದೇಶ) ಮಾತ್ರ ಬರುತ್ತಿಲ್ಲ. ಬ್ಯಾಟರಿ ಮುಗಿದು ಸೆನ್ಸರ್ ಸುಮ್ಮನಾಗಿದ್ದರೆ ಸಿಗ್ನಲ್ಲೂ ಇಳಿಯಬೇಕು, ಅಲ್ವಾ? ಹೀಗಾದರೆ ಅದೇ ಚಾನೆಲ್‌ನಲ್ಲಿ ಬೇರೆ ಏನೋ ಕೂಗುತ್ತಿದೆ ಎಂದರ್ಥ.

ಸಂಜೆ ಹೊತ್ತಲ್ಲೇ ಎನರ್ಜಿ ಸ್ಕ್ಯಾನ್ (ಯಾವ ಚಾನೆಲ್‌ನಲ್ಲಿ ಎಷ್ಟು ಗದ್ದಲವಿದೆ ಎಂಬ ತಪಾಸಣೆ) ಮಾಡಿದೆ. ಜಿಗ್‌ಬೀಗೆ 2.4 ಗಿಗಾಹರ್ಟ್ಸ್‌ನಲ್ಲಿ 11ರಿಂದ 26ರವರೆಗೆ ಚಾನೆಲ್‌ಗಳಿವೆ. ವೈಫೈ ಕಾಟ ಬೇಡವೆಂದು ನಾವು ಆರಿಸಿದ್ದ 20ರಲ್ಲೇ ಗದ್ದಲ! ಪಕ್ಕದ ಅಂಗಳದ ಹಳೆ ವೈರ್‌ಲೆಸ್ ಕ್ಯಾಮೆರಾ ಸಂಜೆ ಆನ್ ಆಗಿ, ಬಿಡುವಿಲ್ಲದೆ ಸಿಗ್ನಲ್ ಬಿಡುತ್ತಿತ್ತು. ಬೇಕಂತ ಮಾಡಿದ್ದಲ್ಲ, ಆದರೂ ಜಾಮರ್ (ಸಿಗ್ನಲ್ ಕೆಡಿಸುವ ಯಂತ್ರ) ಇಟ್ಟಷ್ಟೇ ತೊಂದರೆ.

ನೆಟ್‌ವರ್ಕನ್ನು 25ಕ್ಕೆ ಸರಿಸಿದೆ. ಕೆಲವು ಸೆನ್ಸರ್ ಹಠ ಮಾಡಿದವು, ಮತ್ತೆ ಜೋಡಿಸಬೇಕಾಯಿತು. ಗೇಟ್‌ವೇಯನ್ನು ಕ್ಯಾಮೆರಾಗೆ ಗೋಡೆ ಅಡ್ಡ ಬರುವ ಕಡೆಗೆ ಒಯ್ದೆ. ಉತ್ತರ ಸಿಗದಿದ್ದರೆ ಸೆನ್ಸರ್ ಪದೇ ಪದೇ ಕಳಿಸುತ್ತಾ ಬ್ಯಾಟರಿ ತಿನ್ನುತ್ತದೆ. ಅದಕ್ಕೇ ಅಳತೆಯನ್ನು ಮೆಮೊರಿಯಲ್ಲಿಟ್ಟು, ಒಂದಿಷ್ಟು ಹೊತ್ತು ಬಿಟ್ಟು ಕಳಿಸುವಂತೆ ಪ್ರೋಗ್ರಾಂ ಬದಲಿಸಿದೆ. ಸಿಗ್ನಲ್ ಜೋರಿದ್ದೂ ಪ್ಯಾಕೆಟ್ ಕಡಿಮೆಯಾದರೆ ಈಗ ನನ್ನ ಫೋನಿಗೆ ಮೆಸೇಜ್ ಬರುತ್ತೆ.

ಯಾರಾದರೂ ಬೇಕಂತಲೇ ಎಲ್ಲ ಚಾನೆಲ್‌ಗಳನ್ನೂ ಜಾಮ್ ಮಾಡಿದರೆ ಇದು ಸಾಲದು. ಆಗ ಗೋದಾಮಿಗೆ ತಂತಿ ಎಳೆಯೋದೇ ವಾಸಿ.